ಬಿದನೂರಿನ ರಾಕೆಟ್ಟು ಮತ್ತು ಗುರಿಯ ಪ್ರಶ್ನೆ

ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರು ಹಿಂದೆ ಬಿದನೂರು ಎಂದು ಹೆಸರಾಗಿ, ಕೆಳದಿ ಅರಸರ ರಾಜಧಾನಿಯಾಗಿದ್ದುದು ನನ್ನ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಸಂಗತಿಯೇ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಆ ಪ್ರದೇಶದಲ್ಲಿ 2002ರಲ್ಲಿ ತುಕ್ಕು ಹಿಡಿದ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂದು ಖಚಿತವಾಗಲು ಐದು ವರ್ಷಗಳೇ ಹಿಡಿದವು. ಮುಂದೆ 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿನ ಪಾಳುಬಾವಿಯೊಂದನ್ನು ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಒಂದೊಂದೂ ಹೆಚ್ಚುಕಡಿಮೆ ಒಂದು ಗೇಣು ಉದ್ದ.

ಈ ವಿಷಯ ಬಂದಾಗಲೆಲ್ಲ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅದು ಎಷ್ಟು ದೂರ ಹೋಗುತ್ತಿತ್ತು?" ಅದಕ್ಕಿಂತ ಕಷ್ಟವಾದ ಇನ್ನೊಂದು ಪ್ರಶ್ನೆಯಿದೆ. ಅದು ಇಟ್ಟ ಗುರಿಗೇ ತಾಗುತ್ತಿತ್ತೇ? ಆಯುಧಗಳ ಚರಿತ್ರೆಯಲ್ಲಿ ದೂರದ ಸಮಸ್ಯೆ ಬೇಗ ಬಗೆಹರಿಯಿತು. ಗುರಿಯ ಸಮಸ್ಯೆಗೆ ಶತಮಾನಗಳೇ ಬೇಕಾದವು.

ಮೈಸೂರಿನ ರಾಕೆಟ್ಟಿನ ಹೆಚ್ಚುಗಾರಿಕೆ ಅದರ ಕಬ್ಬಿಣದ ಕವಚದಲ್ಲಿತ್ತು. ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ತುಂಬಿದರೆ ಕೊಳವೆಯೇ ಸಿಡಿದುಹೋಗುತ್ತದೆ. ಕಬ್ಬಿಣವಾದರೆ ಒತ್ತಡವನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ವೇಗವೂ ದೂರವೂ ಹೆಚ್ಚಿದವು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ಸೋತಾಗ ಮದ್ದಿನ ಬಂಡಿಗಳು ಸಿಡಿದದ್ದಕ್ಕೆ ಈ ರಾಕೆಟ್ಟುಗಳೇ ಕಾರಣವೆಂದು ಹೇಳುವುದುಂಟು. ಆ ಕಾಳಗದ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲೆ ನೀವು ನೋಡಿರುತ್ತೀರಿ.

ಆದರೆ ರಾಕೆಟ್ಟು ಹಾದಿ ತಪ್ಪುವುದು ಬಹಳ ಸುಲಭ. ಬಂದೂಕಿನ ಗುಂಡಿಗೆ ನಳಿಗೆಯೇ ದಾರಿ ತೋರಿಸುತ್ತದೆ. ರಾಕೆಟ್ಟಿಗೆ ಅಂತಹ ಆಸರೆಯಿಲ್ಲ. ಮದ್ದು ಒಂದು ಪಕ್ಕದಲ್ಲಿ ಸಡಿಲವಾಗಿದ್ದರೆ, ಬೆಂಕಿ ಹೊರಬರುವ ರಂಧ್ರ ಎಳ್ಳಷ್ಟು ಓರೆಯಾಗಿದ್ದರೆ, ತಳ್ಳುವ ಬಲ ಭಾರದ ಕೇಂದ್ರದ ಮೂಲಕ ಹಾಯದೆ ರಾಕೆಟ್ಟು ಪಕ್ಕಕ್ಕೆ ತಿರುಗಿಬಿಡುತ್ತದೆ. ಅಡ್ಡಗಾಳಿಯ ಕಾಟ ಬೇರೆ. ಇದಕ್ಕೆ ಮೈಸೂರಿನವರು ಕಂಡುಕೊಂಡ ಪರಿಹಾರ ಉದ್ದನೆಯ ಬಿದಿರಿನ ಕೋಲು. ಅದು ಬಾಲದಂತೆ ಹಿಂದಿದ್ದು ಮೂತಿಯನ್ನು ನೇರವಾಗಿರಿಸುತ್ತಿತ್ತು. ಉಳಿದ ತಪ್ಪನ್ನು ಸಂಖ್ಯೆಯಿಂದ ತುಂಬಿಕೊಂಡರು. ಟಿಪ್ಪುವಿನ ಸೈನ್ಯದ ಪ್ರತಿಯೊಂದು ಕುಶೂನ್ ದಳದಲ್ಲಿಯೂ 200 ಮಂದಿ ರಾಕೆಟ್ಟಿನವರಿದ್ದರು. ಒಂದು ತಪ್ಪಿದರೆ ಹತ್ತು ತಾಗಲಿ ಎಂಬ ಲೆಕ್ಕ ಅದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ರಾಕೆಟ್ಟುಗಳ ಮಾದರಿಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ 1804ರ ಹೊತ್ತಿಗೆ ಪ್ರಯೋಗಗಳನ್ನು ಆರಂಭಿಸಿ, ಒಂದೊಂದನ್ನೂ ಹಾರಿಸಿ, ಅಳೆದು, ಬರೆದಿಟ್ಟನು. ಪಕ್ಕಕ್ಕೆ ಕಟ್ಟುತ್ತಿದ್ದ ಕೋಲನ್ನು 1815ರಲ್ಲಿ ನಡುಮಧ್ಯಕ್ಕೆ ತಂದನು. 1844ರಲ್ಲಿ ವಿಲಿಯಂ ಹೇಲ್ ಎಂಬವನು ಕೋಲನ್ನೇ ತೆಗೆದುಹಾಕಿ, ಹೊರಬರುವ ಅನಿಲದಿಂದಲೇ ರಾಕೆಟ್ಟು ಬುಗುರಿಯಂತೆ ತಿರುಗುವಂತೆ ಮಾಡಿದನು. ತಿರುಗುವ ವಸ್ತುವಿನಲ್ಲಿ ಒಂದು ಪಕ್ಕದ ಓರೆ ಮರುಕ್ಷಣವೇ ಇನ್ನೊಂದು ಪಕ್ಕಕ್ಕೆ ಬಂದು ತಪ್ಪುಗಳು ಪರಸ್ಪರ ಕಳೆದುಹೋಗುತ್ತವೆ. ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದು ಗುಂಡನ್ನು ತಿರುಗಿಸಿದರೆ ಗುರಿ ನೇರವಾಗುವುದೇಕೆ ಎಂಬುದನ್ನು ಬೆಂಜಮಿನ್ ರಾಬಿನ್ಸ್ 1740ರ ದಶಕದಲ್ಲಿಯೇ ವಿವರಿಸಿದ್ದನು. ಆತ 1751ರಲ್ಲಿ ತೀರಿಕೊಂಡದ್ದು ನಮ್ಮ ನೆರೆಯ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಎಂಬುದು ಒಂದು ವಿಚಿತ್ರ.

ಹಳೆಯ ಪಿಸ್ತೂಲಿನ ವಿಷಯದಲ್ಲಿಯೂ ಇದೇ ತತ್ತ್ವ ಕಾಣುತ್ತದೆ. ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ, ಪ್ರತಿ ಸಲ ಗುಂಡು ಹಾರಿದಾಗಲೂ ನಳಿಗೆ ಹಿಂದೆ ಸರಿದು ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಕೆಸರು ಧೂಳಿನಲ್ಲಿಯೂ ಕೆಲಸ ನಿಲ್ಲಬಾರದೆಂದು ಸೈನ್ಯದವರು ಭಾಗಗಳ ನಡುವೆ ಕೊಂಚ ಸಡಿಲ ಇರಿಸಿದ್ದರು. ಸ್ಪರ್ಧೆಗಳಲ್ಲಿ ಗುರಿಯಿಡುವವರಿಗೆ ಆ ಸಡಿಲವೇ ಶತ್ರುವಾಯಿತು. ಅವರು ಹೆಚ್ಚಿನ ಮದ್ದು ತುಂಬಲಿಲ್ಲ. ನುರಿತ ಕಮ್ಮಾರರಿಂದ ನಳಿಗೆಯ ಮೂತಿಯ ಬಳೆಯನ್ನು ಉಜ್ಜಿ ಹೊಂದಿಸಿಕೊಂಡರು. ನಳಿಗೆ ಪ್ರತಿ ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಜಾಗಕ್ಕೆ ಮರಳಿದರೆ ಗುಂಡೂ ಅದೇ ಜಾಗಕ್ಕೆ ಹೋಗುತ್ತದೆ. ಗುರಿಯೆಂದರೆ ಬಲವಲ್ಲ, ಒಂದೇ ಕೆಲಸವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮಾಡುವ ನಿಷ್ಠೆ.

ಇಷ್ಟೆಲ್ಲ ಏಕೆ ಬರೆದೆನೆಂದರೆ, ಬಿದನೂರಿನ ಬಾವಿಯ ಸುದ್ದಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ತಪ್ಪಲ್ಲ. ನಮ್ಮ ಕಮ್ಮಾರರ ಕೈಚಳಕವನ್ನು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ಪ್ರಬಂಧ ಬರೆದು ಜಗತ್ತಿಗೆ ತಿಳಿಸಿದರು. ಆದರೆ ಆ ಕೈಚಳಕ ಹೆಚ್ಚಾಗಿ ಕೈಯಿಂದ ಕೈಗೆ ದಾಟಿದ್ದು. ರಾಜ್ಯ ಹೋದೊಡನೆ ಕಾರ್ಖಾನೆಯೂ ಹೋಯಿತು, ಅದರೊಡನೆ ವಿದ್ಯೆಯೂ ಹೋಯಿತು. ಅಳೆದು ಬರೆದಿಟ್ಟವರ ಕೈಯಲ್ಲಿ ಅದು ಮುಂದುವರಿಯಿತು. ಕಾರ್ಖಾನೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಸರಿಬಂದದ್ದನ್ನು ಬರೆದಿಡಿ, ತಪ್ಪಿದ್ದನ್ನು ಎಷ್ಟು ತಪ್ಪಿತೆಂದು ಅಳೆದು ಬರೆದಿಡಿ.

ಹಿಂದೆ ಗುರು, ಮುಂದೆ ಗುರಿ ಎಂದು ಹಿರಿಯರು ಹೇಳುತ್ತಾರೆ. ಆ ರಾಕೆಟ್ಟುಗಳ ಬಿದಿರಿನ ಕೋಲು ಹಿಂದೆಯೇ ಇರುತ್ತಿತ್ತು. ಬಾವಿಯ ಮಣ್ಣಿನಲ್ಲಿ ಉಳಿದದ್ದು ಕಬ್ಬಿಣ ಮಾತ್ರ.