ಶಾಲಾ ಸಮಿತಿಗಳು: ಗದಗ ಸೀಮೆಯ ಇತಿಹಾಸ

ಸರ್ಕಾರಿ ಶಾಲೆಯ ಆಡಳಿತದಲ್ಲಿ ಪೋಷಕರಿಗೆ ಪಾಲು ಸಿಕ್ಕಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ ಎಂದು ಹಲವು ಬರಹಗಳು ಹೇಳುತ್ತವೆ. ಕರ್ನಾಟಕದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ.

ಗದಗ ಸೀಮೆಯಲ್ಲಂತೂ ಕಥೆ ಇನ್ನೂ ಹಿಂದಿನದು, ಹೆಚ್ಚು ತೊಡಕಿನದು. ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಹಿರಿಯ ಸಂಸ್ಥಾನದ್ದು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿದಾಗ ಅದು ಗದಗಕ್ಕೆ ಅನ್ವಯಿಸಿತು, ನೆರೆಯ ಶಿರಹಟ್ಟಿಗೆ ಅನ್ವಯಿಸಲಿಲ್ಲ. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಹೀಗೇ ನಡೆಯಿತು. ಇಂದಿನ ಗದಗ ಜಿಲ್ಲೆಯ ಶಾಲಾ ಚರಿತ್ರೆಯನ್ನು ಒಂದೇ ಎಳೆಯಾಗಿ ಹೇಳುವವರು ಈ ಗಡಿಗಳನ್ನು ಮರೆಯುತ್ತಾರೆ. ಇವುಗಳ ಜೊತೆಗೆ ಖಾಸಗಿ ಶಾಲೆಗಳೂ ಇದ್ದವು: 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್, ಮುಂದೆ ಗದಗಿನ ತೋಂಟದಾರ್ಯ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ ಶಾಲೆಗಳನ್ನು ನಡೆಸಿದವು. ಇಂಥ ಖಾಸಗಿ ಶಾಲೆಗಳ ಹೊಣೆ ಆಡಳಿತ ಮಂಡಳಿಯದು.

ನಿಜವಾದ ತಿರುವು 2001. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ ಆ ವರ್ಷದ ಏಪ್ರಿಲ್ 28ರ ಸರ್ಕಾರಿ ಆದೇಶವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಇಂದು ಊರೂರಲ್ಲಿ ಎಸ್‌ಡಿಎಂಸಿ ಎನ್ನುವುದನ್ನು, ಹುಟ್ಟುಹಾಕಿತು. ಮಕ್ಕಳು ಕಲಿಯುವ ಶಾಲೆಯ ಮೇಲೆ ಅವರ ತಂದೆ-ತಾಯಂದಿರೇ ಕಣ್ಣಿಡಬೇಕೆಂಬುದು ಇದರ ಜೀವಾಳ. ಮುಖ್ಯೋಪಾಧ್ಯಾಯರು ಕಾರ್ಯದರ್ಶಿಯಾದರು.

ಸಮಿತಿ ಉತ್ತರ ಕೊಡಬೇಕಾದದ್ದು ಯಾರಿಗೆ, ಶಿಕ್ಷಣ ಇಲಾಖೆಗೋ ಪಂಚಾಯತಿಗೋ? ಈ ಗೊಂದಲ ಇಲ್ಲಿಂದಲೇ ಶುರು. 2006ರ ಮಾದರಿ ಉಪವಿಧಿಗಳು ಪಂಚಾಯತ್‌ರಾಜ್ ಕಾಯ್ದೆಯ ಅಡಿ ಸಮಿತಿಯನ್ನು ಗ್ರಾಮ ಪಂಚಾಯತಿಗೆ ಜೋಡಿಸಿದವು. ಆದರೆ ಗದಗ-ಬೆಟಗೇರಿಯಲ್ಲಿರುವುದು ನಗರಸಭೆ, ಲಕ್ಷ್ಮೇಶ್ವರ, ಮುಂಡರಗಿಗಳಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯತಿ. ಗ್ರಾಮ ಪಂಚಾಯತಿಗಾಗಿ ಬರೆದ ವಿಧಿ ಈ ನಾಲ್ಕೂ ಪಟ್ಟಣಗಳ ಶಾಲೆಗಳನ್ನು ಮುಟ್ಟಲಿಲ್ಲ. ಇದು ಸಣ್ಣ ಲೋಪವಲ್ಲ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಊರು-ಪೇಟೆಯ ಭೇದ ಮಾಡಲಿಲ್ಲ. ಅದರ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಮಹಿಳೆಯರು ಇರಬೇಕು. ಶಾಲೆಯ ಕೆಲಸಕಾರ್ಯ ಗಮನಿಸುವುದು, ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ಖರ್ಚು ನೋಡುವುದು ಸಮಿತಿಯ ಹೊಣೆ.

ಅನುದಾನಿತ ಖಾಸಗಿ ಶಾಲೆಗಳ ವಿಷಯ ಬೇರೆ. ಈ ಕಾಯ್ದೆಯ 2012ರ ತಿದ್ದುಪಡಿಯ ನಂತರ ಅಲ್ಲಿ ಪೋಷಕರ ಸಮಿತಿ ಸಲಹೆ ಕೊಡಬಹುದು, ಅಷ್ಟೇ. ತೀರ್ಮಾನ ಆಡಳಿತ ಮಂಡಳಿಯದು. ಆದರೆ ಸರ್ಕಾರಿ ಶಾಲೆಯಲ್ಲಿ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕಾನೂನುಬದ್ಧ ಕರ್ತವ್ಯ. ಪೋಷಕರು ಅದನ್ನು ಮುಖ್ಯೋಪಾಧ್ಯಾಯರಿಗೆ ಬಿಟ್ಟು ಸುಮ್ಮನಿರಬಾರದು.