ನೆಲವನ್ನು ಮಾಯ ಮಾಡುವ ಕಸುಬು

ರಂಗದ ಮೇಲೆ ಆಕಾಶ ತೋರಿಸುವುದು ಅಂಥ ಕಷ್ಟವೇನಲ್ಲ. ಕಪ್ಪು ಪರದೆಗೆ ತೂತು ಕೊರೆದು ಹಿಂದೆ ದೀಪವಿಟ್ಟರೆ ನಕ್ಷತ್ರ ಸಿದ್ಧ. ಆ ಆಕಾಶದ ನಡುವೆ ಮನುಷ್ಯನನ್ನು ಇಡಲು ಹೊರಟಾಗ ತಾಪತ್ರಯ ಶುರುವಾಗುತ್ತದೆ. ಅವನ ಕಾಲಡಿಯ ಹಲಗೆಯನ್ನು ಏನು ಮಾಡುವುದು? ಬಾಹ್ಯಾಕಾಶವನ್ನು ವಸ್ತುವಾಗಿ ಆರಿಸಿಕೊಂಡ ಕಸರತ್ತಿನ ಪ್ರದರ್ಶನಗಳ ರಂಗವಿನ್ಯಾಸಕರು ಐನೂರು ವರ್ಷಗಳಿಂದ ಗುದ್ದಾಡುತ್ತಿರುವುದು ಈ ಹಲಗೆಯ ಜೊತೆಗೇ.

ಹದಿನೈದನೇ ಶತಮಾನದಲ್ಲಿ ಫ್ಲಾರೆನ್ಸಿನ ಸಾನ್ ಫೆಲಿಚೆ ಚರ್ಚಿನಲ್ಲಿ ಆಡುತ್ತಿದ್ದ ಧಾರ್ಮಿಕ ನಾಟಕಕ್ಕೆ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ಒಂದು ಸ್ವರ್ಗಯಂತ್ರ ಮಾಡಿಕೊಟ್ಟನೆಂದು ಕಲಾವಿದರ ಚರಿತ್ರೆಕಾರ ವಸಾರಿ ಬರೆದಿದ್ದಾನೆ. ಚಾವಣಿಯಿಂದ ಹಗ್ಗದಲ್ಲಿ ತೂಗುವ ಅರ್ಧಗೋಲ, ಅದರ ಅಂಚಿನಲ್ಲಿ ದೇವದೂತರ ವೇಷದ ಹನ್ನೆರಡು ಹುಡುಗರು, ಬೀಳದಂತೆ ಅವರ ಸೊಂಟಕ್ಕೆ ಕಬ್ಬಿಣದ ಪಟ್ಟಿ. ನಿಂತ ಪೀಠ ಕಾಣದಂತೆ ಹತ್ತಿ ಮೆತ್ತಿ ಮೋಡ ಮಾಡಿದ್ದರು. ಇಂದಿನ ಕಲಾವಿದರು ಕಟ್ಟಿಕೊಳ್ಳುವ ಸೊಂಟಪಟ್ಟಿಯ ವಂಶಾವಳಿ ಅಲ್ಲಿಗೆ ಹೋಗಿ ಮುಟ್ಟುತ್ತದೆ. 1490ರ ಜನವರಿಯಲ್ಲಿ ಮಿಲಾನಿನ ಅರಮನೆಯಲ್ಲಿ ಲಿಯೊನಾರ್ಡೊ ಡ ವಿಂಚಿ ಏಳು ಗ್ರಹಗಳನ್ನೇ ವೇಷಧಾರಿಗಳನ್ನಾಗಿಸಿ, ದೀಪಗಳಿಂದ ಹೊಳೆಯುವ ಅರ್ಧಗೋಲದೊಳಗೆ ನಿಲ್ಲಿಸಿದ. ಬಾಹ್ಯಾಕಾಶದ ರಂಗಪ್ರದರ್ಶನ ಎನ್ನಬಹುದಾದ ಮೊದಲ ದೊಡ್ಡ ಆಟ ಇದೇ ಎಂಬುದು ನನ್ನ ಎಣಿಕೆ.

ಆಮೇಲಿನ ಮುನ್ನೂರು ವರ್ಷ ಮೋಡ, ರಾಟೆ, ಹಗ್ಗಗಳದ್ದೇ ಕಾರುಬಾರು. 1816ರಲ್ಲಿ ಬರ್ಲಿನ್ನಿನಲ್ಲಿ ಮೊಜಾರ್ಟನ ಗೀತನಾಟಕ ‘ಮ್ಯಾಜಿಕ್ ಫ್ಲೂಟ್’ಗೆ ವಿನ್ಯಾಸಕ ಶಿಂಕೆಲ್ ಬರೆದ ನಕ್ಷತ್ರಗಳ ಗುಮ್ಮಟ, ಅದರಡಿ ಅರ್ಧಚಂದ್ರದ ಮೇಲೆ ನಿಂತ ರಾತ್ರಿರಾಣಿ ಇಂದಿಗೂ ನಕಲಾಗುತ್ತಲೇ ಇರುವ ಚಿತ್ರ. ಚೆಲುವೇನೋ ಹೌದು, ಆದರೆ ರಾಣಿ ನಿಂತೇ ಇರುತ್ತಾಳೆ.

ದೇಹವನ್ನು ನಿಜಕ್ಕೂ ಗಾಳಿಗೆ ಬಿಟ್ಟದ್ದು ಸರ್ಕಸ್. 1859ರಲ್ಲಿ ಪ್ಯಾರಿಸ್ಸಿನಲ್ಲಿ ಕಸರತ್ತುಗಾರ ಲಿಯೊಟಾರ್ ಒಂದು ತೂಗುಯ್ಯಾಲೆಯಿಂದ ಇನ್ನೊಂದಕ್ಕೆ ಹಾರಿದ. ಜೂಲ್ಸ್ ವರ್ನ್ 1865ರ ಕಾದಂಬರಿಯಲ್ಲಿ ಚಂದ್ರನಿಗೆ ಫಿರಂಗಿ ಗುರಿಯಿಟ್ಟ; ಹತ್ತು ವರ್ಷದ ಮೇಲೆ ಸಂಗೀತಕಾರ ಆಫೆನ್‌ಬಾಕ್ ಅಂಥದೇ ಫಿರಂಗಿಯನ್ನು ಪ್ಯಾರಿಸ್ಸಿನ ರಂಗಕ್ಕೆ ತಂದ. 1877ರಲ್ಲಿ ಲಂಡನ್ನಿನಲ್ಲಿ ‘ಝಾಝೆಲ್’ ಎಂಬ ಹೆಸರಿನ ಹುಡುಗಿ ಸ್ವತಃ ಫಿರಂಗಿಯಿಂದ ಹಾರಿದಳು. ಒಳಗಿನಿಂದ ಅವಳನ್ನು ನೂಕಿದ್ದು ಸ್ಪ್ರಿಂಗು. ಮದ್ದಿನ ಸದ್ದು, ಹೊಗೆ ಬರೀ ನೋಡುಗರಿಗಾಗಿ. ರಂಗಸಜ್ಜಿಕೆಯೇ ಕಸರತ್ತಿನ ಸಲಕರಣೆಯೂ ಆದದ್ದು ಹೀಗೆ.

ಅಮೆರಿಕದ ಫ್ರೆಡರಿಕ್ ಥಾಂಪ್ಸನ್ ಹಿಡಿದ ದಾರಿ ಬೇರೆ. 1901ರಲ್ಲಿ ಬಫಲೋ ನಗರದ ವಸ್ತುಪ್ರದರ್ಶನದಲ್ಲಿ ಅವನು ಜನರನ್ನೇ ರೆಕ್ಕೆಗಳ ಹಡಗಿಗೆ ಹತ್ತಿಸಿ, ಹಡಗನ್ನು ತೂಗಾಡಿಸಿ, ಹೊರಗೆ ಚಿತ್ರದ ಪರದೆ ಸರಿಸಿ ‘ಚಂದ್ರ’ನಿಗೆ ಕರೆದೊಯ್ದ. ನಟನ ನೆಲ ತೆಗೆಯಲಾಗದಿದ್ದರೆ ನೋಡುಗರ ನೆಲ ಅಲುಗಿಸು ಎಂಬ ಚಾಲಾಕಿ ಇದು. 2018ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುವಾದ ‘ಓಪಿಯಂ’ ಎಂಬ ತಮಾಷೆಯ ಬಾಹ್ಯಾಕಾಶ ಪ್ರದರ್ಶನ ಪ್ರೇಕ್ಷಕರನ್ನು ನೌಕೆಯ ಪ್ರಯಾಣಿಕರನ್ನಾಗಿಸಿದ್ದು ಅದೇ ಚಾಳಿ.

ಮುಂದಿನ ಪಾಠ ಬಂದದ್ದು ಸಿನಿಮಾದಿಂದ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗಾಗಿ ನಿರ್ದೇಶಕ ಕುಬ್ರಿಕ್ 38 ಅಡಿ ವ್ಯಾಸದ ತಿರುಗುವ ಚಕ್ರ ಕಟ್ಟಿಸಿದರು. ನಟ ಓಡುವುದು ಚಕ್ರದ ತಳದಲ್ಲೇ, ತಿರುಗುವುದು ಕೋಣೆ. ತೇಲುವ ಗಗನಯಾತ್ರಿಯನ್ನು ನೇರ ಕೆಳಗಿನಿಂದ ಚಿತ್ರಿಸಿದ್ದರಿಂದ ಅವನ ಮೈಯೇ ತಂತಿಗೆ ಮರೆಯಾಯಿತು. ಸರ್ಕಸ್ಸಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಒಂದು ಕ್ಯಾಮೆರಾದ ಬದಲು ಸಾವಿರಾರು ಕಣ್ಣು, ಒಂದೊಂದೂ ಒಂದೊಂದು ಮೂಲೆಯಿಂದ ನೋಡುತ್ತದೆ.

ಈ ತೊಡಕಿಗೆ ನಾನು ಮೆಚ್ಚುವ ಉತ್ತರ ಕೆನಡಾದ ನಿರ್ದೇಶಕ ರಾಬರ್ಟ್ ಲೆಪಾಜ್ ಅವರದು. ಸೋವಿಯತ್–ಅಮೆರಿಕ ಪೈಪೋಟಿಯನ್ನೂ ಇಬ್ಬರು ಅಣ್ಣತಮ್ಮಂದಿರನ್ನೂ ಹೆಣೆದ ಅವರ 2000ದ ನಾಟಕ ‘ದಿ ಫಾರ್ ಸೈಡ್ ಆಫ್ ದ ಮೂನ್’ನಲ್ಲಿ ಬಟ್ಟೆ ಒಗೆಯುವ ಯಂತ್ರದ ದುಂಡು ಬಾಗಿಲೇ ನೌಕೆಯ ಕಿಟಕಿ. ಕೊನೆಯಲ್ಲಿ ಉದ್ದನೆಯ ಕನ್ನಡಿಯೊಂದು ವಾಲಿ ನಿಲ್ಲುತ್ತದೆ. ನಟ ನೆಲದ ಮೇಲೆ ಮೆಲ್ಲಗೆ ಹೊರಳುತ್ತಾನೆ. ಕನ್ನಡಿಯಲ್ಲಿ ಅವನು ತೂಕವಿಲ್ಲದೆ ತೇಲುತ್ತಾನೆ. ಹಗ್ಗವಿಲ್ಲ, ರಾಟೆಯಿಲ್ಲ. ಅಡಗಿಸಿಡಬೇಕಾಗಿದ್ದ ಹಲಗೆಯೇ ಆಕಾಶವಾಯಿತು.

ಅದೇ ಲೆಪಾಜ್ 2005ರಲ್ಲಿ ಸರ್ಕ್ ದು ಸೊಲೈ ಎಂಬ ಸರ್ಕಸ್ ಕಂಪನಿಗೆ ಲಾಸ್ ವೇಗಸ್‌ನಲ್ಲಿ ‘ಕಾ’ ನಿರ್ದೇಶಿಸಿದರು. ಕಥೆ ಭೂಮಿಯದೇ ಆದರೂ ವಿನ್ಯಾಸಕ ಮಾರ್ಕ್ ಫಿಶರ್ ಕಟ್ಟಿದ ರಂಗಕ್ಕೆ ಸ್ಥಿರವಾದ ನೆಲವೇ ಇಲ್ಲ. ದೊಡ್ಡ ಹೊಂಡದ ಮೇಲೆ 25 ಅಡಿಗೆ 50 ಅಡಿಯ ವೇದಿಕೆ ಏರುತ್ತದೆ, ತಿರುಗುತ್ತದೆ, ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಸಮುದ್ರತೀರದ ‘ಮರಳು’ ಕಾರ್ಕಿನ ಪುಡಿ; ವೇದಿಕೆ ವಾಲಿದಾಗ ಅದೂ ಪಾತ್ರಗಳೂ ಜಾರಿ ಬೀಳುತ್ತವೆ. ಕೊನೆಯ ಯುದ್ಧವನ್ನು ಗೋಡೆಯ ಮೇಲೆ ಓಡುತ್ತ ಆಡುತ್ತಾರೆ. ನೋಡುಗರಿಗೆ ಆಕಾಶದಿಂದ ಕೆಳಗೆ ನೋಡಿದ ಅನುಭವ. ಇದಕ್ಕೆ ತೆತ್ತ ಬೆಲೆಯೂ ಇದೆ: 2013ರಲ್ಲಿ ಈ ದೃಶ್ಯದ ವೇಳೆ ಕಲಾವಿದೆಯೊಬ್ಬರು ಮೇಲಿನಿಂದ ಬಿದ್ದು ತೀರಿಕೊಂಡರು.

ಕಂಪನಿಯ ಸ್ಥಾಪಕ ಗಿ ಲಾಲಿಬರ್ಟೆ 2009ರಲ್ಲಿ ಕೈಯಿಂದ ಹಣ ಕೊಟ್ಟು ಅಂತರಿಕ್ಷ ನಿಲ್ದಾಣಕ್ಕೇ ಹೋಗಿ ಬಂದರು. ಆದರೆ ‘ಅವತಾರ್’ ಚಿತ್ರದ ಪ್ಯಾಂಡೋರಾ ಎಂಬ ಕಲ್ಪಿತ ಲೋಕವನ್ನು ರಂಗಕ್ಕೆ ತಂದ, ಅದೇ ಕಂಪನಿಯ 2015ರ ‘ಟೊರುಕ್’ ಮಾತ್ರ ನನಗೆ ಹಿನ್ನಡೆಯಾಗಿ ಕಾಣುತ್ತದೆ. ಕ್ರೀಡಾಂಗಣದಷ್ಟು ಅಗಲದ ನೆಲಕ್ಕೆ ಪ್ರೊಜೆಕ್ಟರ್ ಬೆಳಕಿನಲ್ಲಿ ನದಿ, ಲಾವಾ ಬಳಿದರು. ಬೆಳಕು ಮೆರೆಯಿತು, ಮೈ ಕುಗ್ಗಿತು. ಶಿಂಕೆಲ್‌ನ ಪರದೆಗೆ ವಿದ್ಯುತ್ ಕೊಟ್ಟಂತಾಯಿತು, ಅಷ್ಟೆ.

ನಿಜವಾಗಿ ನೆಲವಿಲ್ಲದ ಕಡೆಗೂ ಕೆಲವರು ಹೋದರು. ಫ್ರಾನ್ಸಿನ ನೃತ್ಯ ಸಂಯೋಜಕಿ ಕಿಟ್ಸು ದ್ಯುಬ್ವಾ 1990ರ ದಶಕದಿಂದ ವಿಶೇಷ ವಿಮಾನಗಳಲ್ಲಿ ಪ್ರಯೋಗ ಮಾಡಿದ್ದಾರೆ. ವಿಮಾನ ಕಮಾನಿನಂತೆ ಏರಿ ಇಳಿಯುವಾಗ ಸಿಗುವ ತೂಕರಹಿತ ಸ್ಥಿತಿ ಸುಮಾರು 20 ಸೆಕೆಂಡು. ಕಸರತ್ತಿನವರಿಗೆ ಅಲ್ಲಿ ಬೇರೆಯೇ ಸಂಕಟ: ಒದ್ದು ಜಿಗಿಯಲು ಏನೂ ಇಲ್ಲ, ಬೀಳುವ ಭಯವಿಲ್ಲದೆ ಸಾಹಸಕ್ಕೆ ತೂಕವೂ ಇಲ್ಲ. ಸ್ಲೊವೇನಿಯಾದ ನಿರ್ದೇಶಕ ಡ್ರಾಗನ್ ಝಿವಾದಿನೊವ್ 1999ರಲ್ಲಿ ರಷ್ಯಾದಲ್ಲಿ ಇಂಥ ವಿಮಾನದೊಳಗೇ ರಂಗಪ್ರಯೋಗ ಮಾಡಿದರು. ಅವರ ಇನ್ನೊಂದು ನಾಟಕ 1995ರಲ್ಲಿ ಆರಂಭವಾಗಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದೆ. ನಡುವೆ ಯಾರಾದರೂ ನಟ ತೀರಿಕೊಂಡರೆ ಆ ಜಾಗಕ್ಕೆ ಯಂತ್ರವೊಂದು ಬರುತ್ತದೆ. 2045ರಲ್ಲಿ ಆ ಯಂತ್ರಗಳನ್ನು ಅಂತರಿಕ್ಷಕ್ಕೆ ಕಳಿಸುವುದು ನಿರ್ದೇಶಕರ ಯೋಜನೆ.