ಹಂಪಿಯ ಇಬ್ಬರು ಹುಡುಗರನ್ನು ಕೊಂದವರು ಯಾರು?

ಮೊನ್ನೆ ಶನಿವಾರ ಜಯನಗರ ಫೋರ್ತ್ ಬ್ಲಾಕಿನಲ್ಲಿ ಕಾಫಿ ಕುಡೀತಾ ನಿಂತಿದ್ವಿ. ಗೆಳೆಯನೊಬ್ಬ ಲಂಡನ್ ಟವರಿನ ಕಥೆ ತೆಗೆದ. 1483ರಲ್ಲಿ 12 ವರ್ಷದ ರಾಜ ಐದನೇ ಎಡ್ವರ್ಡ್, ಅವನ ತಮ್ಮ, ಇಬ್ಬರೂ ಆ ಕೋಟೆಯೊಳಗೇ ಕಾಣೆಯಾದರು. ಚಿಕ್ಕಪ್ಪ ಮೂರನೇ ರಿಚರ್ಡ್ ಪಟ್ಟಕ್ಕೇರಿದ. ಕೊಂದವರು ಯಾರು ಅಂತ ಇಂಗ್ಲಿಷರು ಇವತ್ತಿಗೂ ಕಿತ್ತಾಡ್ತಾರೆ. ‘ನಮ್ಮಲ್ಲಿ ಇಂಥ ಕೇಸ್ ಇಲ್ವಲ್ಲೋ’ ಅಂದ. ಇದೆ ಮಾರಾಯ, ಹೆಚ್ಚುಕಮ್ಮಿ ಅದೇ ಕಾಲದ್ದು.

ಸಾಳುವ ನರಸಿಂಹ 1485ರಲ್ಲಿ ಸಂಗಮರಿಂದ ವಿಜಯನಗರದ ಗದ್ದುಗೆ ಕಿತ್ತುಕೊಂಡವನು. 1491ರಲ್ಲಿ ಸಾಯುವಾಗ ತನ್ನ ಇಬ್ಬರು ಗಂಡುಮಕ್ಕಳನ್ನೂ ರಾಜ್ಯವನ್ನೂ ನಂಬಿಕೆಯ ದಂಡನಾಯಕ ತುಳುವ ನರಸನಾಯಕನಿಗೆ ಒಪ್ಪಿಸಿದ. ದೊಡ್ಡವನು ತಿಮ್ಮ ಬೇಗನೇ ಕೊಲೆಯಾದ. ಚಿಕ್ಕವನು ಇಮ್ಮಡಿ ನರಸಿಂಹ ಹೆಸರಿಗೆ ಮಾತ್ರ ರಾಜ, ಪೆನುಕೊಂಡೆ ಕೋಟೆಯಲ್ಲಿ ಕಾವಲಿನೊಳಗಿದ್ದ. ಕೊನೆಗೆ ಅವನೂ ಕೊಲೆಯಾದ. ಸಿಂಹಾಸನ ನರಸನಾಯಕನ ಮಕ್ಕಳ ಪಾಲಾಯ್ತು: ಮೊದಲು ವೀರನರಸಿಂಹ, 1509ರಲ್ಲಿ ನಮ್ಮ ಕೃಷ್ಣದೇವರಾಯ.

ಯಾರಿಗೆ ಲಾಭ ಆಯ್ತು ಅಂತ ನೋಡಿದರೆ ಕೇಸ್ ಎರಡೇ ನಿಮಿಷಕ್ಕೆ ಕ್ಲೋಸ್, ನರಸನಾಯಕನೇ ಕೊಲೆಗಾರ! ಆದರೆ ತಡೀರಿ.

ನಮಗಿರುವ ಮುಖ್ಯ ಸಾಕ್ಷಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅವನು ಬರೆದದ್ದು 1535ರ ಆಸುಪಾಸಿನಲ್ಲಿ. ಅಂದರೆ ಕಣ್ಣಾರೆ ಕಂಡವನಲ್ಲ, ಊರ ಬಾಯಲ್ಲಿ ಕೇಳಿದವನು. ಅವನ ಪ್ರಕಾರ ದೊಡ್ಡ ಹುಡುಗನನ್ನು ಕೊಲ್ಲಿಸಿದ್ದು ನರಸನನ್ನು ಕಂಡರಾಗದ ಇನ್ನೊಬ್ಬ ದಂಡನಾಯಕ. ರಾತ್ರಿ ಸೇವಕನೊಬ್ಬನ ಕೈಯಲ್ಲಿ ಕತ್ತಿಯಿಂದ ಕೊಲ್ಲಿಸಿ, ಅಪವಾದ ನರಸನ ತಲೆಗೆ ಕಟ್ಟುವ ಪ್ಲಾನು. ಆದರೆ ಎರಡನೇ ಕೊಲೆ ಮಾತ್ರ ನರಸನದೇ ಕೆಲಸ ಅಂತಾನೆ.

ಇಲ್ಲಿ ನಮ್ಮ ಆಫೀಸಿನ ಬುದ್ಧಿ ಕೆಲಸಕ್ಕೆ ಬರುತ್ತೆ. ಯಾರೋ ಹೇಳಿದ್ದು ಬಿಟ್ಟು ಲಾಗ್ ತೆಗೆದು ನೋಡಬೇಕು. ಇತಿಹಾಸದ ಲಾಗ್ ಅಂದರೆ ಶಾಸನ. ನರಸನಾಯಕ ಸತ್ತದ್ದು 1503ರಲ್ಲಿ. ಇಮ್ಮಡಿ ನರಸಿಂಹನ ಹೆಸರಿನ ದೇವುಲಪಲ್ಲಿ ತಾಮ್ರಶಾಸನದ ಕಾಲ 1504-05. ಸತ್ತವನು ಬದುಕಿದ್ದವನನ್ನು ಕೊಲ್ಲಿಸೋದು ಹೇಗೆ? ಹಾಗಾಗಿ ಆ ಹುಡುಗನ ಸಾವನ್ನು ಇತಿಹಾಸಕಾರರು 1505ಕ್ಕೆ ಇಡುತ್ತಾರೆ. ಅನುಮಾನ ಅಪ್ಪನಿಂದ ಮಗ ವೀರನರಸಿಂಹನ ಕಡೆಗೆ ತಿರುಗುತ್ತೆ. ನನ್ನ ಊಹೆಯೂ ಅದೇ. ಮೊದಲ ಕೊಲೆಯ ಬಗ್ಗೆ ಮಾತ್ರ ನಾನು ಬಾಯಿ ಬಿಡಲ್ಲ.

ಕಾರಣ ಇದೆ. ನಾನು ಚಿಕ್ಕವನಿದ್ದಾಗ ನಮ್ಮ ಹುಲ್ಲಿನ ಬಣವೆ ಸುಟ್ಟುಹೋಯ್ತು. ಬದುವಿನ ಜಗಳ ಇದ್ದ ಪಕ್ಕದ ಹೊಲದವರೇ ಹಚ್ಚಿದ್ದು ಅಂತ ಇಡೀ ಊರು ತೀರ್ಮಾನ ಮಾಡಿತು. ಎಂಟು ವರ್ಷ ಎರಡೂ ಮನೆಗೆ ಮಾತಿಲ್ಲ. ಕೊನೆಗೆ ನಮ್ಮ ದೊಡ್ಡಪ್ಪನೇ ಒಪ್ಪಿಕೊಂಡ, ಅವತ್ತು ಅಲ್ಲಿ ಬೀಡಿ ಎಸೆದದ್ದು ತಾನೇ ಅಂತ. ಅಷ್ಟರಲ್ಲಿ ಪಕ್ಕದ ಹೊಲದ ಅಜ್ಜ ತೀರಿಕೊಂಡಿದ್ದರು.

1970ರ ಸಿನಿಮಾದ ರಾಜ್‌ಕುಮಾರ್ ಮುಖವೇ ನನಗೆ ಈಗಲೂ ಕೃಷ್ಣದೇವರಾಯ. ಅದು ಬದಲಾಗಲ್ಲ. ಆದರೆ ಮುಂದಿನ ಸಲ ಹಂಪಿಗೆ ಹೋದಾಗ, ಆ ಸಿಂಹಾಸನ ಖಾಲಿಯಾದದ್ದು ಹೇಗೆ ಅನ್ನೋದೂ ನೆನಪಾಗುತ್ತೆ.